ಮುಚ್ಚಳ ತೆಗೆದ ಮೇಲೆ

ಮಾರ್ಚ್ 4, ಬೆಳಿಗ್ಗೆ
ಮತ್ತೆ ಮೊಟ್ಟೆ ಮಗುಚಿದ್ದಾಯಿತು. ಪೆನ್ಸಿಲ್ ಗುರುತು ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ. ಒಂದೇ ಕಡೆ ಕೂರಲಾಗದೆ ಸ್ಕೂಲ್ ಬಿಟ್ಟವಳು ನಾನು. ಈಗ ಕಾವು ಕೂತಿದ್ದೇನೆ. ದೊಡ್ಡಮ್ಮ ಹಿತ್ತಲ ಕೋಣೆಯಲ್ಲಿ ಕಾವು ಕೊಡುವ ಕರೆಂಟಿನ ಪೆಟ್ಟಿಗೆಯಿಟ್ಟು ಕೋಳಿಮರಿ ಮಾಡಿ ಮಾರುತ್ತಾಳೆ. ನಾನು ಅವಳ ಆಳು. ಸೊಂಟ ಬಿದ್ದುಹೋಗಿದೆ.

ಮಾರ್ಚ್ 9
ಇನ್ನು ಮಗುಚುವಂತಿಲ್ಲ. ಮರಿಗಳು ಹೊರಬರಲು ತಿರುಗಿ ಕೂತಿವೆಯಂತೆ. ದೊಡ್ಡಮ್ಮ ಪೆಟ್ಟಿಗೆಯೊಳಗೆ ನೀರಿನ ತಟ್ಟೆ ತುಂಬಿಸಿ, ಮುಚ್ಚಳ ಹಾಕಿ, ಮೇಲೆ ಇಸ್ತ್ರಿಪೆಟ್ಟಿಗೆ ಹೇರಿದಳು.
"ಮುಚ್ಚಳ ತೆಗೆದೆ ಅಂದ್ರೆ ಇದನ್ನೇ ಕಾಯಿಸಿ ನಿನ್ ಕೈಗೆ ಇಡ್ತೀನಿ."

ಮಾರ್ಚ್ 11, ಮಧ್ಯಾಹ್ನ
ಒಂದು ಮೊಟ್ಟೆ ನಿನ್ನೆಯಿಂದ ಒಡಕು ಬಿಟ್ಟು ಹಾಗೇ ನಿಂತಿತ್ತು. ಕೊಕ್ಕಿನ ತುದಿ ಮಾತ್ರ. ಕೂಗುತ್ತದೆ, ನಿಲ್ಲಿಸುತ್ತದೆ... ಕೇಳಿ ಕೇಳಿ ತಲೆ ಕೆಟ್ಟಿತು. ದೊಡ್ಡಮ್ಮ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳು. ಮುಚ್ಚಳ ತೆಗೆದೆ. ಉಗುರಿನಿಂದ ಚಿಪ್ಪು ಬಿಡಿಸಿದೆ. ಬಿಳಿ ಪೊರೆಯಲ್ಲಿ ಕೆಂಪು ಗೆರೆಗಳಿದ್ದವು. ಒಂದು ಹರಿಯಿತು. ಒಂದು ಹನಿ ರಕ್ತ, ಆಮೇಲೆ ನಿಲ್ಲಲೇ ಇಲ್ಲ. ಮರಿ ಅಂಗೈಯಲ್ಲೇ ಹೋಯಿತು. ಅಷ್ಟು ಹೊತ್ತೂ ಮುಚ್ಚಳ ತೆರೆದೇ ಇತ್ತು. ಒಳಗಿನ ಹಬೆಯೆಲ್ಲ ಖಾಲಿ. ಮತ್ತೆ ಮುಚ್ಚಿ ಇಸ್ತ್ರಿಪೆಟ್ಟಿಗೆ ಹೇರಿದೆ, ದೊಡ್ಡಮ್ಮನಿಗೆ ಹೇಳಲಿಲ್ಲ.

ಮಾರ್ಚ್ 12, ಬೆಳಿಗ್ಗೆ
ಉಳಿದವೂ ಒಡಕು ಬಿಟ್ಟು ನಿಂತಿವೆ. ಒಂದೂ ಹೊರಬಂದಿಲ್ಲ. ದೊಡ್ಡಮ್ಮ ಪೆಟ್ಟಿಗೆಯ ಗಾಜಿನಲ್ಲಿ ಇಣುಕಿದಳು.
"ಪೊರೆ ಒಣಗಿ ಮರಿಗಳಿಗೆ ಅಂಟ್ಕೊಂಡಿದೆ. ಎಲ್ಲೋ ಗಾಳಿ ನುಗ್ತಿದೆ."
ಪೆಟ್ಟಿಗೆ ರಿಪೇರಿ ಮಾಡಿದ್ದ ಮೆಕ್ಯಾನಿಕ್‌ನನ್ನು ಕರೆಸಿದಳು. ಅವನು ಮುಚ್ಚಳದ ರಬ್ಬರ್ ಸುತ್ತ ಬೆರಳಾಡಿಸಿದ.
"ಅಕ್ಕಾ, ಇದರಲ್ಲಿ ಗಾಳಿ ನುಗ್ಗೋ ಮಾತೇ ಇಲ್ಲ."
"ಹೂಂ, ನೀನು ಕೈಯಿಟ್ಟ ಫ್ಯಾನಿಂದಾನೂ ಗಾಳಿ ಬರಲ್ಲ ಬಿಡು."
ಅವನು ತಲೆ ತಗ್ಗಿಸಿ ಸ್ಕ್ರೂಡ್ರೈವರ್ ಹುಡುಕತೊಡಗಿದ. ನೋಡಲಾಗಲಿಲ್ಲ.
"ನಾನೇ ತೆಗೆದೆ," ಅಂದೆ. "ತುಂಬ ಹೊತ್ತು."
ದೊಡ್ಡಮ್ಮ ಬೈಯಲಿಲ್ಲ. ಬೈದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಮೆಕ್ಯಾನಿಕ್‌ಗೆ ಟೀ ಕೊಟ್ಟಳು. ನನಗೆ ಬೆಚ್ಚಗಿನ ನೀರು, ಹತ್ತಿ.
"ಕೂತ್ಕೋ. ನೀನೇ ಬಿಡಿಸು. ಒದ್ದೆ ಮಾಡಿ ಸ್ವಲ್ಪ ಸ್ವಲ್ಪ. ಕೆಂಪು ಗೆರೆ ಕಂಡ್ರೆ ರಕ್ತ ಇನ್ನೂ ಮರಿಯೊಳಗೆ ಇಂಗಿಲ್ಲ ಅಂತ, ಮುಚ್ಚಳ ಹಾಕಿ ಸುಮ್ನಿರಬೇಕು. ನಿನಗೆ ಅದೇ ಬರೋದಿಲ್ಲ."

ಸಂಜೆ
ಹೆಚ್ಚಿನವು ಬಂದವು. ಕೆಲವು ಒಳಗೇ ಹೋದವು. ಕೆಲವು ಅಂತ ಬರೆದು ಜಾರಿಕೊಳ್ಳುವುದು ಬೇಡ. ನಾಲ್ಕು. ನಿನ್ನೆಯದೂ ಸೇರಿ ಐದು. ಕೊಂದದ್ದು ನಾನು. ಬೆರಳ ತುದಿ ನೆನೆದು ಸುಕ್ಕಾಗಿದೆ.

ಮಾರ್ಚ್ 13, ಬೆಳಿಗ್ಗೆ
ಹುಟ್ಟಿದವು ಬುಟ್ಟಿಯಲ್ಲಿವೆ, ಪೆಟ್ಟಿಗೆಯಲ್ಲಿ ಒಂದೇ ಮೊಟ್ಟೆ ಉಳಿದಿದೆ. ತಲೆಯ ಸುತ್ತ ಪೊರೆ ಬಿಡಿಸಿದೆ. ಕೆಳಗೆ ಕೆಂಪು ಗೆರೆ ಇನ್ನೂ ಇದೆ. ನಿಲ್ಲಿಸಿದೆ. ಮುಚ್ಚಳ ಹಾಕಿದೆ. ಕೈ ತಡೆಯುತ್ತಿಲ್ಲ. ಅದಕ್ಕೇ ಬರೆಯುತ್ತಿರುವುದು — ಕೈಗೊಂದು ಕೆಲಸವಿರಲಿ ಅಂತ.

ಕೂಗು ನಿಂತು ಹೊತ್ತಾಯಿತು. ದೊಡ್ಡಮ್ಮ ಬಂದಳು.
"ಹೋಯ್ತಾ?"
"ಗೊತ್ತಿಲ್ಲ. ಮುಟ್ಟಿಲ್ಲ."
ಸ್ಟೂಲ್ ಎಳೆದು ಪಕ್ಕದಲ್ಲೇ ಕೂತಳು. ಗಾಜಿನ ಮೇಲೆ ಹಬೆ ಕಟ್ಟಿದೆ. ಏನೂ ಕಾಣದು. ನನ್ನ ಎಡಗೈ ಹಿಡಿದುಕೊಂಡಿದ್ದಾಳೆ. ನಾನು ಮುಚ್ಚಳ ತೆಗೆಯದಿರಲಿ ಅಂತಲೋ, ಅವಳಿಗೇ ಬೇಕೋ...

ಒಳಗೆ ಚಿಪ್ಪು ಉರುಳಿದ ಸದ್ದು. ಮತ್ತೆ ಸುಮ್ಮನೆ.

ಇನ್ನೊಂದು ಸದ್ದು. ಇದು ಚಿಪ್ಪಿನದಲ್ಲ. ಮರಿಯ ಉಗುರು, ಪೆಟ್ಟಿಗೆಯ ತಳದ ಜಾಲರಿ ಮೇಲೆ —