ಕಿತ್ತಳೆ ಯಾರ ಕೈಯದು

೧೨ ನವೆಂಬರ್ ೨೦೧೬, ಶಿಕೋಕು, ಜಪಾನ್

ಹೊರಡುವ ಮೊದಲು ಅಡಿಲೇಡ್‌ನ ಗ್ಲೆನೆಲ್ಗ್‌ನ ಕೆಫೆಯಲ್ಲಿ ಟೂರ್ ಲೀಡರ್ ಉದಯಶಂಕರ್ ಕೊಟ್ಟ ಮಾತು: ಬೆಟ್ಟದ ಬುದ್ಧನ ಮುಂದೆ ಅವ್ವನ ಹೆಸರಲ್ಲಿ ಎಲ್ಲರೂ ತ್ರಿಶರಣ ಹೇಳುವುದು. ಊರ ಗುಡಿಯ ಮೆಟ್ಟಿಲು ತುಳಿಯದೇ ಸತ್ತ ಅವ್ವ. ಅಡುಗೆಯಲ್ಲಿ ನನಗೂ ಸರದಿ. ಬ್ರಿಸ್ಬೇನ್‌ನಲ್ಲಿ ಓದುವ ಅದಿತಿಯ ಜೊತೆ ರೂಮು.

ಆ ಮೂರು ಮಾತಲ್ಲಿ ಸಿಕ್ಕಿದ್ದು ರೂಮು ಮಾತ್ರ.

ನಿನ್ನೆ ಅಕ್ಕಿ ತೊಳೆಯುತ್ತಿದ್ದೆ. ಉದಯಶಂಕರ್ ಹೆಂಡತಿ ಇಂದುಮತಿ ಕೇಳಿದರು.

"ಕಮಲಾ, ನೀವು ಯಾರ ಪೈಕಿ?"

"ಹೊಲೇರು. ಅವ್ವನ ಕಾಲದಿಂದ ಬೌದ್ಧರು."

ಬೆಳಿಗ್ಗೆ ನೋಡಿದರೆ ಎಲ್ಲರ ಅಡುಗೆಯ ಕುಕ್ಕರ್ ಆಕೆಯ ರೂಮಿನಲ್ಲಿ. "ನಿಮಗ್ಯಾಕ್ರೀ ತೊಂದ್ರೆ, ಅಡುಗೆ ನಾವ್ ನೋಡ್ಕೋತೀವಿ."

ತ್ರಿಶರಣವೂ ಹೋಯಿತು. "ಬುದ್ಧ ವಿಷ್ಣು ಅವತಾರ ತಾನೇ? ಸಹಸ್ರನಾಮ ಹೇಳ್ಬಿಡೋಣ, ಎಲ್ರಿಗೂ ಆಗುತ್ತೆ," ಎಂದರು ಉದಯಶಂಕರ್.

ಎಲ್ಲರಿಗೂ... ನನ್ನನ್ನು ಕಳೆದು.

೧೪ ನವೆಂಬರ್, ಸಂಜೆ

ಬೆಟ್ಟದ ಓರೆಯಲ್ಲಿ ಬುದ್ಧನ ಸಾವಿರ ವರ್ಷದ ಗುಡಿ. ಪಾಚಿ ಕಟ್ಟಿದ ಮೆಟ್ಟಿಲು. ಯಾತ್ರಿಕರಿಗೆಲ್ಲ ಒಂದೇ ಬಿಳಿ ಅಂಗಿ. ನಾವೂ ತೊಟ್ಟೆವು. ದೂರದಿಂದ ಯಾರು ಯಾರೆಂದು ತಿಳಿಯದು.

ಅರ್ಧ ದಾರಿಯಲ್ಲಿ ಒಬ್ಬ ಅಜ್ಜಿ ಕಿತ್ತಳೆ ಹಂಚುತ್ತಿದ್ದಳು. ಯಾತ್ರಿಕರಿಗೆ ಕೊಟ್ಟಿದ್ದನ್ನು ಬೇಡವೆನ್ನಬಾರದಂತೆ — ಬಸ್ಸಿನಲ್ಲಿ ಮೈಕ್ ಹಿಡಿದು ಹೇಳಿದವರು ಉದಯಶಂಕರೇ. ಇಂದುಮತಿ ಎರಡೂ ಕೈ ಒಡ್ಡಿದರು, ಕಣ್ಣಿಗೊತ್ತಿಕೊಂಡರು, ಸುಲಿದು ತಿಂದರು. ಅಜ್ಜಿ ಉಳಿದ ಹಣ್ಣು ನನ್ನ ಮಡಿಲಿಗೆ ಸುರಿದು, ಹಂಚು ಎಂದು ಸನ್ನೆ ಮಾಡಿದಳು. ಮೊದಲು ಇಂದುಮತಿಗೇ ಚಾಚಿದೆ.

"ಬೇಡ ರೀ, ಸೋಮವಾರ. ಉಪವಾಸ."

"ತುಟಿ ಒರೆಸ್ಕೊಳ್ಳಿ, ರಸ ಹತ್ತ್ಯದ," ಎಂದೆ.

ಮೇಲೆ ಗುಡಿಯಲ್ಲಿ ಅವರ ಸಹಸ್ರನಾಮ. ಪಕ್ಕದಲ್ಲೇ ನಿಂತು ನಾನು, ಅವರಿಗಿಂತ ಗಟ್ಟಿಯಾಗಿ — ಬುದ್ಧಂ ಶರಣಂ ಗಚ್ಛಾಮಿ. ಅದಿತಿ ಸಾಲು ಬಿಟ್ಟು ನನ್ನತ್ತ ಬಂದಳು. "ಹೇಳ್ಕೊಡಿ ಅಕ್ಕ, ನಂಗೆ ಬರಲ್ಲ."

ಬೌದ್ಧಳಾದ ಮೊದಲ ದಿನ ಅವ್ವನಿಗೂ ಬಂದಿರಲಿಲ್ಲ.

೨೯ ನವೆಂಬರ್, ಅಡಿಲೇಡ್

ಬೆಡ್‌ಫರ್ಡ್ ಪಾರ್ಕ್‌ನ ಆಸ್ಪತ್ರೆಯಲ್ಲಿ ನರ್ಸ್ ಡ್ಯೂಟಿ ಮುಗಿಸಿ ಫೋನ್ ನೋಡಿದೆ. ಇಲ್ಲಿಯ ಕನ್ನಡ ಕೂಟದಲ್ಲಿ ನಮ್ಮ ಯಾತ್ರೆಯ ಸ್ಲೈಡ್ ಶೋ: 'ಬುದ್ಧನ ಸಮಾನತೆಯ ಹಾದಿ'. ತೋರಿಸುವವರು ಉದಯಶಂಕರ್. ಪರ್ತ್‌ನ ಹ್ಯಾರಿಸ್‌ಡೇಲ್‌ನಿಂದ ಗಂಡ ಹೆಂಡತಿ ಇದಕ್ಕೇ ಹಾರಿ ಬರುತ್ತಾರಂತೆ.

ಕುಕ್ಕರ್ ವಿಷಯ, ಕಿತ್ತಳೆ ವಿಷಯ, ಎಲ್ಲ ಕೂಟದ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ. ಕೂಡಲೇ ಉದಯಶಂಕರ್ ಫೋನು.

"ಆಸ್ಟ್ರೇಲಿಯಾಗೂ ಜಾತಿ ತರ್ಬೇಕಾ ಮೇಡಮ್?"

"ನಾ ತಂದಿಲ್ಲ ಸರ್. ನಿಮ್ಮ ಲಗೇಜಿನಾಗ ಬಂದದ."

೧ ಡಿಸೆಂಬರ್

ಎರಡು ಚೀಲ ಕಿತ್ತಳೆ ಕೊಂಡೆ. ಕೂಟದ ಹಾಲ್ ಬಾಗಿಲಲ್ಲಿ ನಾನೇ ನಿಲ್ಲುತ್ತೇನೆ. ನನ್ನ ಕೈಯಿಂದಲೇ, ಒಬ್ಬೊಬ್ಬರಿಗೂ. ಆಮೇಲೆ ಉದಯಶಂಕರ್ ಕೊಟ್ಟ ಮಾತು: ಎಲ್ಲರೂ ಎದ್ದು ಅವ್ವನ ಹೆಸರಲ್ಲಿ ತ್ರಿಶರಣ ಹೇಳಲಿ. ಅಲ್ಲಿಯವರೆಗೆ ಒಂದು ಸ್ಲೈಡೂ ಓಡುವುದಿಲ್ಲ. ಅಂದು ಯಾರಿಗೆ ಉಪವಾಸವೋ ನೋಡೋಣ. ಶನಿವಾರ, ಡಿಸೆಂಬರ್ ಮೂರು, ಸಂಜೆ ನಾಲ್ಕಕ್ಕೆ ಸ್ಲೈಡ್ ಶೋ.