ಎಮ್ಮೆ ನಿಂತ ಕಡೆ ಇಳಿಯಿರಿ

ಅಣೆಕಟ್ಟೆ ಕೆಡವಿದ ೮೩ನೇ ವರ್ಷ, ಹದಿಮೂರನೇ ತಿಂಗಳು, ೩೪ನೇ ತಾರೀಖು
ತೇಲುಪೇಟೆ, ಕಾಳಿ ಹೊಳೆಯ ಬಲದಂಡೆ

ಹೊಳೆ ಪುಸ್ತಕ ಬರೆದ ಮಹಾರಾಯರೇ,

ತಾರೀಖು ನೋಡಿ ಯಾರೋ ಹುಚ್ಚ ಬರೆದಿದ್ದಾನೆ ಅಂತ ಓಲೆ ಬಿಸಾಡಬೇಡಿ. ನಿಮ್ಮ ಹನ್ನೆರಡು ತಿಂಗಳು ನಮ್ಮ ಬಿಸಿಲಿಗೆ ಸಾಲಲಿಲ್ಲ, ಅದಕ್ಕೇ ಹದಿಮೂರನೆಯದೊಂದನ್ನು ಸೇರಿಸಿಕೊಂಡೆವು. ಅದು ಮುಗಿಯುವುದೇ ಇಲ್ಲ, ನಲವತ್ತು ದಿನ. ನನ್ನ ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಮನ್ನಿಸಿ. ನಾಲ್ಕನೇ ಇಯತ್ತೆ ಮುಗಿಸಿ ಶಾಲೆಗೆ ಕೈಮುಗಿದವನು ನಾನು. ನಾನು ಹೋದ ಮೇಲೆ ಮಾಸ್ತರರೂ ಕೈಮುಗಿದರಂತೆ.

ಇದು ಹಿಂದೋಲೆ. ಹಿಂದಿನ ಕಾಲಕ್ಕೆ ಕಳಿಸುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ಜನ ಇದನ್ನು ಮುತ್ತಜ್ಜಿಗೆ ಬರೆಯುತ್ತಾರೆ, ಸತ್ತ ಮಗುವಿಗೆ ಬರೆಯುತ್ತಾರೆ. ನಾನು ಐವತ್ತೊಂದು ವರ್ಷ ಕಾದಿಟ್ಟುಕೊಂಡಿದ್ದ ಓಲೆಯನ್ನು ನಿಮ್ಮನ್ನು ಬೈಯುವುದಕ್ಕೆ ಖರ್ಚು ಮಾಡುತ್ತಿದ್ದೇನೆ. ನಿಮ್ಮ ಹೆಸರು ಕೂಡ ಗೊತ್ತಿಲ್ಲ. ಪುಸ್ತಕದ ಕೊನೆಗೆ "ಐವರು ಗೆಳೆಯರು" ಅಂತ ಬರೆದು ಮುಗಿಸಿದ್ದೀರಿ.

ನೀವು ಕಯಾಕ್ ಅನ್ನುತ್ತಿದ್ದುದನ್ನು ನಾವು ಸೋರೆ ಅನ್ನುತ್ತೇವೆ. ಅಚ್ಚಿನೊಳಗೆ ಸೋರೆಕಾಯಿ ಬೆಳೆಸಿ, ಒಣಗಿಸಿ, ಒಬ್ಬರು ಕೂರುವಷ್ಟು ಬಾಯಿ ಕೊರೆಯುತ್ತೇವೆ. ಅವರವರ ಸೋರೆಯನ್ನು ಅವರವರೇ ಬೆಳೆಯಬೇಕು. ಕಲ್ಲಿಗೆ ಬಡಿದು ಒಡೆದರೆ ಮುಂದಿನ ಬೆಳೆಯ ತನಕ ದಂಡೆಯ ಮೇಲೆ ಕೂತು ಬೇರೆಯವರ ತಪ್ಪು ಎಣಿಸುತ್ತಿರಬೇಕು. ಹೊಳೆ ಈಗ ಯಾರ ಸ್ವತ್ತೂ ಅಲ್ಲ. ನಾಲ್ವರು ಕೂಡಿ ಹೆಬ್ಬೆಟ್ಟು ಒತ್ತಿದರೆ ವರ್ಷಕ್ಕೆ ಒಂದು ಬೆಳಗ್ಗೆ ಇಳಿಯಲು ಬಿಡುತ್ತಾರೆ. ಅದಕ್ಕೆ ಹೊಳೆಪಾಳಿ ಅಂತ ಹೆಸರು. ಪ್ರತಿ ವರ್ಷ ಅದೇ ನಾಲ್ಕು ಹೆಬ್ಬೆಟ್ಟು ಬೇಕು. ಒಂದು ತಪ್ಪಿದರೆ ಪಾಳಿ ಬೇರೆಯವರಿಗೆ ಹೋಗುತ್ತದೆ, ಮತ್ತೆ ಬರಲು ಮೂವತ್ತು ವರ್ಷ. ಮುಂದಿನ ವರ್ಷದ ಪಾಳಿಗೆ ನಾಳೆ ಸಂಜೆಯೊಳಗೆ ಒತ್ತಬೇಕು. ನಮ್ಮಲ್ಲಿ ಮೂರಿವೆ. ನಾಲ್ಕನೆಯದು ಎಮ್ಮೆ ಕಾಯುವ ಗವಳಿ ಧೋಂಡೂನದು. ಅವನು ನಲವತ್ತು ದಿನದಿಂದ ಗುಡ್ಡ ಇಳಿದಿಲ್ಲ.

ಅದಕ್ಕೆ ಕಾರಣ ನಿಮ್ಮ ಪುಸ್ತಕ.

ಅಲ್ಲ ಮಹಾರಾಯರೇ, ಹೊಳೆಯ ದಾರಿ ಬರೆಯಲು ಕೂತವರು ಹೀಗೆ ಬರೆಯುತ್ತಾರೆಯೇ? "ಚಹಾದಂಗಡಿ ಸಿಕ್ಕ ಕೂಡಲೇ ಎಡಕ್ಕೆ ಸರಿಯಿರಿ." ಚಹಾದಂಗಡಿ ಎಷ್ಟು ದಿನ ಇರುತ್ತದೆ? ಅದರ ಮಾಲೀಕನಿಗೂ ಗೊತ್ತಿರಲಿಕ್ಕಿಲ್ಲ. "ಕೆಂಪು ಜೀಪು ನಿಲ್ಲಿಸಿದ ಬಂಡೆಯ ಎದುರು ಸುಳಿ ಇದೆ, ಜೋಕೆ." ಸಂಜೆ ಅದೇ ಜೀಪು ಹತ್ತಿ ನೀವು ಮನೆಗೆ ಹೋಗಿರುತ್ತೀರಿ! "ಪಮ್ಮ್ಯಾ ಬಿದ್ದ ಜಾಗದಲ್ಲಿ ಹುಟ್ಟನ್ನು ಗಟ್ಟಿಯಾಗಿ ಹಿಡಿಯಿರಿ." ಈ ಪಮ್ಮ್ಯಾ ಯಾರು? ಎಲ್ಲಿ ಬಿದ್ದ? ಎದ್ದನೋ ಇಲ್ಲವೋ? ಅದನ್ನಾದರೂ ಬರೆಯಬಾರದೇ? ನಾವು ಇಡೀ ಹೊಳೆಯಲ್ಲಿ ಹುಟ್ಟನ್ನು ಗಟ್ಟಿಯಾಗಿ ಹಿಡಿದು ಹಿಡಿದು ಅಂಗೈಯಲ್ಲಿ ಗಂಟು ಬಂದಿದೆ.

ಬಂಡೆಗೆ ಒಂದು ಗುರುತು ಹಾಕಿಕೊಳ್ಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹಾಕುವಂತಿಲ್ಲ. ಹೊಳೆಯ ಮೈಮೇಲೆ ಬಣ್ಣ ಬಳಿಯಬಾರದು, ದಂಡೆಯಲ್ಲಿ ಕಂಬ ನೆಡಬಾರದು. ಬೆಳಗ್ಗೆ ತಂದದ್ದು ಮುಚ್ಚುಹೊತ್ತಿಗೆ ವಾಪಸು ಹೋಗಬೇಕು. ಮುಚ್ಚುಹೊತ್ತು ಅಂದರೆ ಹತ್ತರಿಂದ ನಾಲ್ಕರವರೆಗೆ ಎಲ್ಲರೂ ನೆಲಮಾಳಿಗೆ ಸೇರುವ ಹೊತ್ತು, ಹೊರಗಿದ್ದರೆ ಹಪ್ಪಳ ಆಗುತ್ತೇವೆ. ಹಾಗಾಗಿ ನಮ್ಮ ಹಿರಿಯರು ಒಂದು ಉಪಾಯ ಮಾಡಿದರು. ಪುಸ್ತಕದಲ್ಲಿ ಇರುವುದನ್ನೆಲ್ಲ ಪಾಳಿಯ ದಿನ ಹೊತ್ತು ತಂದು ದಂಡೆಯಲ್ಲಿ ಇಡುವುದು. ನಮ್ಮ ಗುಂಪಿನ ಮಾಬೂಬಿಯ ಸೋದರತ್ತೆ ಕೆಟಲಿ ಹಿಡಿದು ಒಂದು ಕಲ್ಲಿನ ಮೇಲೆ ಕೂರುತ್ತಾಳೆ. ಅವಳೇ ಚಹಾದಂಗಡಿ. ಚಹಾದ ಗಿಡ ನಾವು ಯಾರೂ ಕಂಡಿಲ್ಲ, ಮಾವಿನೆಲೆ ಕುದಿಸುತ್ತಾಳೆ. ಜೀಪಿನ ಜಾಗಕ್ಕೆ ಒಂದು ಕೆಂಪು ಕೌದಿ ಹಾಸುತ್ತೇವೆ. ಇನ್ನು ಎಲ್ಲಕ್ಕಿಂತ ದೊಡ್ಡದು ನಿಮ್ಮ ಏಳನೇ ಪುಟ.

"ದೊಡ್ಡ ತಿರುವಿನಲ್ಲಿ ಹೊಳೆ ನಡುಗಡ್ಡೆ ಸುತ್ತಿ ಎರಡಾಗುತ್ತದೆ. ಎಮ್ಮೆ ನಿಂತ ಕಡೆ ಇಳಿಯಿರಿ."

ಯಾವ ಎಮ್ಮೆ? ಯಾವ ಕಡೆ? ಹೋಗಲಿ, ಒಂದು ಬದಿಯಲ್ಲಿ ಮಳೆಗಾಲದಲ್ಲಿ ಮರಗಳು ತೇಲಿಬಂದು ಸಿಕ್ಕಿಕೊಳ್ಳುತ್ತವೆ, ಯಾವ ಬದಿ ಅಂತ ವರ್ಷ ವರ್ಷ ಬದಲಾಗುತ್ತದೆ, ಮೇಲಿಂದ ಬರುವವರಿಗೆ ಕಾಣುವುದಿಲ್ಲ. ಅದಕ್ಕೇ ಧೋಂಡೂ ನಮ್ಮ ಗುಂಪಿಗೆ ಬಂದದ್ದು. ಹತ್ತೊಂಬತ್ತು ವರ್ಷದಿಂದ ಪಾಳಿಯ ದಿನ ಅವನು ಬೆಳಕು ಹರಿಯುವ ಮೊದಲೇ ನಡೆದುಹೋಗಿ, ಎರಡೂ ಬದಿ ನೋಡಿ, ಯಾವ ಕಡೆ ದಾರಿ ತೆರೆದಿದೆಯೋ ಆ ದಂಡೆಯಲ್ಲಿ ತನ್ನ ಚಂಪಾ ಎಂಬ ಎಮ್ಮೆಯನ್ನು ನಿಲ್ಲಿಸುತ್ತಾನೆ. ಅವನಿಗೆ ಈಜು ಬಾರದು, ಸೋರೆಯಲ್ಲಿ ಕೂರಿಸಿದರೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ಆದರೂ ನಾಲ್ಕನೇ ಹೆಬ್ಬೆಟ್ಟು ಅವನದೇ.

ಮೊದಲಿಗೆ ಹೋಗುವವನು ಪೆದ್ರು. ತೋಳು ಅಂದರೆ ತೊಲೆ, ಮನಸ್ಸು ಹಾಲು. ಅವನ ಹಿಂದೆ ಮಾಬೂಬಿ, ಹಗ್ಗವೂ ಅವಳದು, ಬೈಗುಳವೂ ಅವಳದು. ಕೊನೆಗೆ ನಾನು, ಯಮನೂರಿ. ಹೆಸರಿನಲ್ಲೇ ಯಮ ಇರುವವನು ಮುಂದೆ ಹೋದರೆ ಹಿಂದೆ ಯಾರೂ ಬರುವುದಿಲ್ಲವಂತೆ.

ಈಗ ಮೂರು ವರ್ಷದ ಹಿಂದಿನ ಒಂದು ಸಂಗತಿ ಹೇಳಬೇಕು. ಅವತ್ತು ನಾವು ತಿರುವಿಗೆ ಬಂದಾಗ ಧೋಂಡೂ ದಂಡೆಯಿಂದ "ಮೊಸಳಿ! ಮೊಸಳಿ ಐತ್ರೆಪಾ!" ಅಂತ ಕಿರುಚಿದ. ಪೆದ್ರು ಸೋರೆ ಬಿಟ್ಟು ಮುಳ್ಳುಕಂಟಿಗೆ ಹಾರಿದ. ಮಾಬೂಬಿ ಕಲ್ಲು ಹತ್ತಿದಳು. ನಾನು ಏನು ಮಾಡಿದೆ ಅನ್ನುವುದು ಬೇಡ. ಮೊಸಳೆಯೂ ಇಲ್ಲ, ಹಲ್ಲಿಯೂ ಇಲ್ಲ. ಧೋಂಡೂ ನೆಲಕ್ಕೆ ಬಿದ್ದು ಹೊರಳಾಡಿ ನಕ್ಕ. ಊರನ್ನೆಲ್ಲ ನಗಿಸುವ ನನ್ನನ್ನೇ ಒಬ್ಬ ಎಮ್ಮೆ ಕಾಯುವವನು ಬೇಸ್ತು ಬೀಳಿಸಿದನಲ್ಲ ಅಂತ ನನಗೆ ಉರಿದುಹೋಯಿತು. ಅವತ್ತೇ ಎಲ್ಲರ ಕೈಯನ್ನು ಹುಟ್ಟಿನ ಮೇಲೆ ಇಡಿಸಿ ಒಂದು ಕಾಯಿದೆ ಮಾಡಿದೆ.

"ಇನ್ನ ಮ್ಯಾಲೆ ತಿರುವಿನ್ಯಾಗ ಎಮ್ಮಿ ಮಾತೇ ಮಾತು. ಧೋಂಡ್ಯಾನ ಮಾತು ಗಾಳಿ. ಅವ ಏನ ಒದರಿದ್ರೂ ಕೇಳಂಗಿಲ್ಲ."

"ಅಲ್ಲೋ, ಎಮ್ಮಿನ್ನ ನಿಲ್ಸಾವ ನಾನs ಅಲ್ಲೇನೋ?" ಅಂದ ಧೋಂಡೂ.

"ಹೌದು, ಆದ್ರ ಅದಕ್ಕ ಸುಳ್ಳು ಹೇಳಾಕ ಬರಂಗಿಲ್ಲ. ನಿನಗ ಬರ್ತೈತಿ."

ಎಲ್ಲರೂ ನಕ್ಕರು. ಧೋಂಡೂನೂ ನಕ್ಕು ಹುಟ್ಟಿನ ಮೇಲೆ ಕೈ ಇಟ್ಟ. ಎರಡು ವರ್ಷ ಅವನು ದಂಡೆಯಿಂದ ಏನೇನೋ ಒದರುವುದು, ನಾವು ಕಿವುಡರಂತೆ ಎಮ್ಮೆ ನೋಡಿ ಇಳಿಯುವುದು, ಅದೇ ಒಂದು ಆಟವಾಯಿತು.

ಈ ವರ್ಷ ಬಲಬದಿಗೆ ಒಂದು ಮತ್ತಿಮರ ಅಡ್ಡ ಬಿದ್ದಿತ್ತು. ಧೋಂಡೂ ಎಡದಂಡೆಯಲ್ಲಿ ಚಂಪಾಳನ್ನು ನಿಲ್ಲಿಸಿದ್ದ. ಬಿಸಿಲು ಬೇಗ ಏರಿತು. ನಾವು ತಡ ಮಾಡಿದ್ದೆವು, ಪಮ್ಮ್ಯಾ ಎಲ್ಲಿ ಬಿದ್ದಿರಬಹುದು ಅಂತ ಜಗಳ ಆಡುತ್ತಾ. ಚಂಪಾಳಿಗೆ ಸೆಕೆಯಾಯಿತು. ಅವಳು ನೀರಿಗೆ ಇಳಿದು, ನಡುಗಡ್ಡೆಯ ಕೆಳತುದಿ ಸುತ್ತಿ ಈಜಿ, ಬಲದಂಡೆಯ ನೆರಳಿಗೆ ಹೋಗಿ ನಿಂತುಬಿಟ್ಟಳು. ಎಮ್ಮೆ ಅದು, ಅದಕ್ಕೇನು ಪುಸ್ತಕ ಓದಲು ಬರುತ್ತದೆಯೇ?

ನಾವು ತಿರುವಿಗೆ ಬಂದೆವು. ಎಮ್ಮೆ ಬಲಕ್ಕೆ. ಎಡದಂಡೆಯಲ್ಲಿ ಧೋಂಡೂ ತಲೆಯ ರುಮಾಲು ಬಿಚ್ಚಿ ಬೀಸುತ್ತಾ ಕುಣಿಯುತ್ತಿದ್ದ. "ಎಡಕ್ಕ ಬರ್ರೋ! ಬಲಕ್ಕ ಬ್ಯಾಡ! ಗಿಡ ಬಿದ್ದೈತಿ, ನಿಮ್ಮ ಕಾಲ ಬೀಳ್ತೀನಿ, ಎಡಕ್ಕ!"

ಪೆದ್ರು ಹುಟ್ಟು ಎತ್ತಿ ನಿಂತ. ಹಿಂದೆ ತಿರುಗಿ ನನ್ನನ್ನು ನೋಡಿದ. "ಯಮನೂರಿ, ಖರೇನs ಒದರಾಕತ್ತಾನೇನೋ?"

ನಾನು ನಕ್ಕೆ. ಚೆನ್ನಾಗಿ ನೆನಪಿದೆ, ಹೊಟ್ಟೆ ತುಂಬ ನಕ್ಕೆ. "ಈ ಸಲ ಅಳೂದೂ ಕಲ್ತಾನ ನೋಡಲೇ! ನಡೀ, ಎಮ್ಮಿ ಮಾತೇ ಮಾತು!"

ಪೆದ್ರು ಬಲಕ್ಕೆ ಇಳಿದ.

ಮರ ಅವನ ಸೋರೆಯನ್ನು ಎದೆಗೆ ಸಮ ಮಡಚಿತು. ಅವನು ಒಳಗೇ ಸಿಕ್ಕಿಕೊಂಡ. ನೀರು ಅವನ ತಲೆಯ ಮೇಲೆ ಹೋಗುತ್ತಿತ್ತು. ಮಾಬೂಬಿ ಮರಕ್ಕೆ ಹಾರಿ, ಹೊಟ್ಟೆಯ ಮೇಲೆ ಮಲಗಿ, ಕೂದಲು ಹಿಡಿದು ಅವನ ಮುಖವನ್ನು ಮೇಲೆ ಎತ್ತಿದಳು. ನಾನು ಅವಳ ಹಗ್ಗವನ್ನು ಸೋರೆಗೆ ಬಿಗಿದು ಎಳೆದೆ. ಸೋರೆ ಅಲುಗಲಿಲ್ಲ. "ಕೊಯ್ಯಬೇಕೋ, ಸೋರಿ ಕೊಯ್ಯಬೇಕು!" ಅಂತ ಅವಳು ಕೂಗುತ್ತಿದ್ದಳು. ಕತ್ತಿ ನನ್ನ ಹತ್ತಿರ ಇರಬೇಕಿತ್ತು. ಇರಲಿಲ್ಲ, ಬೆಳಗ್ಗೆ ಮಾವಿನಕಾಯಿ ಹೆಚ್ಚಿ ಕೆಟಲಿಯ ಹತ್ತಿರ ಬಿಟ್ಟಿದ್ದೆ.

ಆಗ ಈಜು ಬಾರದ ಧೋಂಡೂ ಎಡಗವಲಿಗೆ ಬಿದ್ದ. ಬಿದ್ದ ಅಂದರೆ ಬಿದ್ದ, ಇಳಿದದ್ದಲ್ಲ. ಚಂಪಾ ಅವನ ದನಿ ಕೇಳಿ ನೀರಿಗೆ ಬಂದಿದ್ದಳು, ಅವಳ ಬಾಲ ಹಿಡಿದು ನೀರು ಕುಡಿಯುತ್ತಾ ಕೆಮ್ಮುತ್ತಾ ನಡುಗಡ್ಡೆ ಹತ್ತಿ, ಅಲ್ಲಿಂದ ಮರ ಮುಟ್ಟಿದ. ಸೊಂಟದ ಕುಡುಗೋಲಿನಿಂದ ಸೋರೆ ಕೊಯ್ದ. ಪೆದ್ರು ಹೊರಗೆ ಬಂದ, ಬಲಭುಜ ಮಾತ್ರ ಕೀಲು ಬಿಟ್ಟು ಹೋಯಿತು. ಇನ್ನು ಅವನು ಹುಟ್ಟು ಹಾಕುವಂತಿಲ್ಲ. ಪೆದ್ರು ಉಸಿರಾಡುವುದನ್ನು ನೋಡಿಕೊಂಡು ಧೋಂಡೂ ಎದ್ದ. "ನನ್ನ ಎಮ್ಮಿಯಿಂದ ಆತು," ಅಂದ ಅಷ್ಟೇ. ಚಂಪಾಳನ್ನು ಹೊಡೆದುಕೊಂಡು ಗುಡ್ಡ ಹತ್ತಿದ.

ಇವತ್ತು ಬೆಳಗ್ಗೆ ಓಲೆಮನೆಯ ಗುಮಾಸ್ತೆ ನನಗೆ ತಿಳಿಸಿ ಹೇಳಿದಳು. ಓಲೆ ಓದಿ ನೀವು ಪುಸ್ತಕದಲ್ಲಿ ಒಂದು ಸಾಲು ತಿದ್ದಿದರೆ, ನನ್ನ ಮುಂದಿರುವ ಪುಸ್ತಕದಲ್ಲೂ ಅದು ತಿದ್ದಿಹೋಗುತ್ತದಂತೆ, ಆ ಸಾಲಿನಿಂದ ನಡೆದದ್ದೆಲ್ಲ ನಡೆದೇ ಇಲ್ಲ ಅನ್ನುವಂತೆ ಆಗುತ್ತದಂತೆ. ನನಗೆ ಹಿಗ್ಗೋ ಹಿಗ್ಗು. ಏಳನೇ ಪುಟ ಅಳಿಸಿ, "ತಿರುವಿಗೆ ಮೊದಲು ದಂಡೆಗೆ ಇಳಿದು, ಎರಡೂ ಬದಿ ನಡೆದು ನೋಡಿ" ಅಂತ ಬರೆಯಿರಿ ಅನ್ನಬೇಕೆಂದೇ ಈ ಓಲೆ ಶುರು ಮಾಡಿದ್ದು. ಇಲ್ಲಿಯ ತನಕ ಬರೆದದ್ದನ್ನು ಮಾಬೂಬಿಗೂ ಪೆದ್ರುವಿಗೂ ಓದಿ ತೋರಿಸಿದೆ.

ಮಾಬೂಬಿ ಕೇಳಿದಳು, "ಹಂಗ ಬರದ್ರ ಎಮ್ಮಿ ಬೇಕಾಗಂಗಿಲ್ಲ, ಹೌದಿಲ್ಲೋ?"

"ಹೌದು."

"ಎಮ್ಮಿ ಬ್ಯಾಡಾದ್ರ ಧೋಂಡೂ ಯಾಕ ಬರ್ತಿದ್ದ ನಮ್ಮ ಕೂಡ?"

ನಾನು ಲೇಖನಿ ಕೆಳಗಿಟ್ಟೆ.

ಪೆದ್ರು ಕಟ್ಟು ಹಾಕಿದ ಭುಜ ತಡವಿಕೊಂಡ. "ಭುಜ ಹೋದ್ರ ಹೋತು ತಗೋ. ನಾ ದಂಡಿ ಮ್ಯಾಲೆ ಕೆಟಲಿ ಹಿಡ್ಕೊಂಡು ಕುಂದರ್ತೀನಿ. ಮುದುಕಿಗೂ ಸಾಕಾಗೈತಿ. ಹತ್ತೊಂಬತ್ತು ವರ್ಷದ ಧೋಂಡೂನ್ನ ಅಳಸಬ್ಯಾಡ."

"ಮತ್ತ ಆ ಪುಸ್ತಕದವರಿಗೆ ಏನ ಬರೀಲಿ?"

"ಅವರೇನ ಮಾಡ್ಯಾರೋ?" ಅಂದಳು ಮಾಬೂಬಿ. "ಎಮ್ಮಿ ನಿಂತಿತ್ತು, ಬರದ್ರು. ಕಾಯಿದೆ ಮಾಡಿದವ ಯಾರು? ನಡೀ ಅಂದವ ಯಾರು? ಅಂವ ತನ್ನ ಎಮ್ಮಿದs ತಪ್ಪು ಅಂತ ಗುಡ್ಡದ ಮ್ಯಾಲೆ ಕುಂತಾನ. ನೀ ಇಲ್ಲಿ ಕುಂತು ಸತ್ತವರನ್ನ ಬೈಯಾಕತ್ತಿ. ನಾಚಿಕಿ ಬರಂಗಿಲ್ಲೇನು ನಿನಗ?"

ಬರುತ್ತದೆ ಮಹಾರಾಯರೇ. ನಲವತ್ತು ದಿನದಿಂದ ಬರುತ್ತಿದೆ. ಅದನ್ನು ತಪ್ಪಿಸಿಕೊಳ್ಳುವುದಕ್ಕೇ ಇನ್ನೂರು ವರ್ಷ ಹಿಂದೆ ಓಡಿ ಬಂದು ನಿಮ್ಮ ಕುತ್ತಿಗೆ ಹಿಡಿದೆ.

ಆದ್ದರಿಂದ ನನ್ನ ಕೋರಿಕೆ ತಿರುಗಾಮುರುಗಾ ಆಗಿದೆ. ಏಳನೇ ಪುಟ ಮುಟ್ಟಬೇಡಿ. ಒಂದು ಅಕ್ಷರ ಕೂಡ. ಪಮ್ಮ್ಯಾನ ವಿಷಯ ಬೇಕಾದರೆ ವಿವರವಾಗಿ ಬರೆಯಿರಿ, ನಮ್ಮ ಜಗಳವಾದರೂ ನಿಲ್ಲಲಿ. ಬೇಡ, ಅದನ್ನೂ ಹಾಗೇ ಬಿಡಿ. ಪುಸ್ತಕಕ್ಕೆ ಅಲ್ಲ, ನೀವು ಐವರಿಗೆ ಒಂದು ಮಾತು. ನಿಮ್ಮಲ್ಲೂ ನನ್ನಂಥ ಒಬ್ಬ ಇರುತ್ತಾನೆ, ಪ್ರತಿ ಗುಂಪಿನಲ್ಲೂ ಇರುತ್ತಾನೆ. ದಂಡೆಯಿಂದ ಯಾರಾದರೂ ಕೂಗಿದರೆ, ಅವನು ಹಿಂದೆ ನೂರು ಸಲ ಸುಳ್ಳು ಹೇಳಿದ್ದರೂ, ಮೊದಲು ಹುಟ್ಟನ್ನು ಹಿಂದಕ್ಕೆ ಹಾಕಿ ನಿಲ್ಲಿ. ಹೋಗಿ ನೋಡಿ. ಸುಳ್ಳಾಗಿದ್ದರೆ ಆಮೇಲೆ ನಗಲು ಬೇಕಾದಷ್ಟು ಹೊತ್ತು ಇರುತ್ತದೆ.

ಈಗ ಎಂಟೂವರೆ. ಧೋಂಡೂನ ದೊಡ್ಡಿಗೆ ಗುಡ್ಡ ಹತ್ತಲು ಒಂದು ಗಂಟೆ ಬೇಕು, ಮುಚ್ಚುಹೊತ್ತಿಗೆ ಮುಂಚೆ ಮುಟ್ಟುತ್ತೇನೆ. ಆಮೇಲೆ ನಾಲ್ಕು ಗಂಟೆಯ ತನಕ ಅವನ ನೆಲಮಾಳಿಗೆಯಲ್ಲಿ ಅವನೆದುರೇ ಕೂರಬೇಕು, ಎದ್ದು ಹೊರಗೆ ಹೋಗುವಂತಿಲ್ಲ. ಹೆಬ್ಬೆಟ್ಟಿನ ವಿಷಯ ನಾನಾಗಿ ಎತ್ತುವುದಿಲ್ಲ ಅಂತ ಇವರಿಬ್ಬರಿಗೂ ಹೇಳಿದ್ದೇನೆ. ಪೆದ್ರುವಿನ ಭುಜ ಕಳೆದದ್ದು ಎಮ್ಮೆಯಲ್ಲ, ನನ್ನ ಬಾಯಿ ಅಂತ ಹೇಳಬೇಕು. ಜೀವಮಾನವಿಡೀ ಒಂದು ತಮಾಷೆ ಸೇರಿಸದೆ ನಾನು ಯಾರ ಮುಂದೆಯೂ ಮಾತಾಡಿದವನಲ್ಲ. ಇವತ್ತು ಸೇರಿಸದೆ ಹೇಳಿ ಮುಗಿಸಬೇಕು, ಮುಗಿಸಿ ಸುಮ್ಮನೆ ಕೂರಬೇಕು.

ಬರುತ್ತೇನೆ.

ಯಮನೂರಿ