ಹನ್ನೆರಡು ಮಂದಿಗೆ ಒಂದೇ ಬಾಳೋಲೆ

ಕಪ್ಪತಗುಡ್ಡದ ಗಾಳಿಕಂಬದೂರು
ಫೆಬ್ರುವರಿ ಮೂವತ್ತು, ೨೩೧೧

ಮುನ್ನೂರು ವರ್ಷ ಹಿಂದಿನವರಿಗೆ,

ನಿಮ್ಮ ಫೆಬ್ರುವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ಓದಿದ್ದೇನೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಮಾತಾಡಲು ಹಿಂಜರಿಯುವವಳು ನಾನು. ಎದುರಿಗಿಲ್ಲದವರಿಗೆ ಬರೆಯುವುದು ಸುಲಭ.

ಇಂದು ಬೆಳಿಗ್ಗೆ ಕಚೇರಿಗೆ ಹೋಗುವಾಗ ಚೌಕದ ಫಲಕದ ಮುಂದೆ ನಿಂತೆ. ಈ ತಿಂಗಳು ತೀರಿಕೊಂಡ ಹನ್ನೆರಡು ಮಂದಿಯ ಬಾಳೋಲೆಗಳು ಅಲ್ಲಿವೆ. ಹನ್ನೆರಡರಲ್ಲೂ ನಾಲ್ಕನೆಯ ಸಾಲಿನ ‘ಮಿತಭಾಷಿ’ ಎಂಬ ಪದದ ನಂತರ ಒಂದರ ಬದಲು ಎರಡು ಖಾಲಿ ಜಾಗ ಬಿಟ್ಟಿತ್ತು. ಮತ್ತೆ ಮೊದಲಿಂದ ಓದಿದೆ. ಹೆಸರು ಬಿಟ್ಟರೆ ಹನ್ನೆರಡೂ ಒಂದೇ.

ಬಾಳೋಲೆ ಎಂದರೆ ಸತ್ತವರ ಬಗ್ಗೆ ಒಂದು ಪುಟ. ನಮ್ಮ ಕಚೇರಿಯವರು ಆ ಮನೆಗೆ ಹೋಗಿ, ಅರ್ಧ ದಿನ ಕೂತು, ಮನೆಯವರು ಹೇಳಿದ್ದನ್ನು ಕೇಳಿ ಬರೆಯಬೇಕು. ಅದನ್ನು ಅವರವರ ಓಣಿಯಲ್ಲಿ ಓದುತ್ತಾರೆ, ತಿಂಗಳ ಕೊನೆಗೆ ಎಲ್ಲವನ್ನೂ ಒಟ್ಟಿಗೆ ಏಳು ದಿನ ಚೌಕದಲ್ಲಿ ಅಂಟಿಸುತ್ತಾರೆ, ಆಮೇಲೆ ಮೊಹರು. ಮೊಹರು ಬಿದ್ದ ಮೇಲೆ ಒಂದಕ್ಷರವನ್ನೂ ತಿದ್ದುವಂತಿಲ್ಲ. ಸಾಮಾನ್ಯರ ಚಿತ್ರವನ್ನಾಗಲಿ ದನಿಯನ್ನಾಗಲಿ ನಾವು ಕೂಡಿಡುವುದಿಲ್ಲ, ಅಷ್ಟು ವಿದ್ಯುತ್ ಇಲ್ಲ. ಉಳಿಯುವುದು ಆ ಪುಟವೊಂದೇ.

ಚಿತ್ರ ತೋರಿಸುವ ಪರದೆಗಳನ್ನೂ ಅದೇ ಕಾರಣಕ್ಕೆ ನಿಲ್ಲಿಸಿ ಎಂಬತ್ತು ವರ್ಷವಾಯಿತು. ಈಗ ಕಪ್ಪು ಪರದೆ, ಬಿಳಿ ಅಕ್ಷರ. ಏನು ಬೇಕಾದರೂ ಆಜ್ಞೆ ಟೈಪ್ ಮಾಡಿಯೇ ಕೇಳಬೇಕು. ಇಂಥ ಪರದೆ ನಿಮ್ಮಲ್ಲೂ ಇತ್ತಂತೆ, ಅದರಲ್ಲಿ ಬರಹವನ್ನು ಕ್ಲಿಪ್‌ಬೋರ್ಡಿಗೆ ಕಾಪಿ ಮಾಡಿ ಇನ್ನೊಂದೆಡೆ ಪೇಸ್ಟ್ ಮಾಡುವ ಪುಟ್ಟ ಆಜ್ಞೆಗಳಿದ್ದವಂತೆ. ನಮ್ಮಲ್ಲಿ ಅವು ‘ಎತ್ತು’ ಮತ್ತು ‘ಇಳಿಸು’. ಕಡತದ ಹೆಸರು ಬರೆದು, ಪಕ್ಕದಲ್ಲೊಂದು ನೆಟ್ಟನೆಯ ಗೆರೆ ಹಾಕಿ, ಎತ್ತು ಎಂದರೆ ಬರಹ ‘ಅಂಗೈ’ಗೆ ಬರುತ್ತದೆ. ಇನ್ನೊಂದು ಕಡತದ ಹೆಸರು ಕೊಟ್ಟು ಇಳಿಸು ಎಂದರೆ ಅಲ್ಲಿಗೆ ಹೋಗಿ ಬೀಳುತ್ತದೆ. ಕಡತವನ್ನೇ ಮಾಡದೆ, ಟೈಪ್ ಮಾಡಿದ್ದನ್ನು ನೇರವಾಗಿ ಎತ್ತಲೂಬಹುದು. ಅಂಗೈಯಲ್ಲಿ ಹಿಡಿಸುವುದು ಒಂದೇ ಬರಹ. ಹೊಸದು ಬಂದರೆ ಹಳೆಯದು ಸದ್ದಿಲ್ಲದೆ ಅಳಿಯುತ್ತದೆ. ನಮ್ಮ ಕಚೇರಿಯ ಐವರಿಗೂ ಸೇರಿ ಇರುವುದು ಒಂದೇ ಅಂಗೈ. ಆದ್ದರಿಂದ ಎತ್ತುವ ಮೊದಲು ‘ಅಂಗೈ ನನ್ನದು’ ಎಂದು ಗಟ್ಟಿಯಾಗಿ ಕೂಗುವುದು ವಾಡಿಕೆ. ಹೋದ ವಾರ ಒಂದು ದಿನ ನಾನು ಕೂಗಲಿಲ್ಲ. ತುಟಿಯಲ್ಲೇ ಹೇಳಿಕೊಂಡೆ.

ಅಂದು ನಾನು ಬರೆದದ್ದು ಮಕ್ತುಮಸಾಬರ ಬಾಳೋಲೆ. ಗಾಳಿಕಂಬ ಹತ್ತಿ ರೆಕ್ಕೆ ಒರೆಸುವ ಕೆಲಸ ಅವರದು. ಮೇಲಿಂದಲೇ ಯಾರ ಅಂಗಳದಲ್ಲಿ ಏನು ಬೇಯುತ್ತಿದೆ, ಯಾರ ಮನೆಗೆ ನೆಂಟರು ಬರುತ್ತಿದ್ದಾರೆ ಎಂದು ಮೂರು ಓಣಿಗೆ ಕೇಳುವಂತೆ ಸಾರುತ್ತಿದ್ದರಂತೆ. ಜ್ವರದಲ್ಲಿ ಹೋದರು. ಹೆಂಡತಿ ಬೀಬಿಜಾನ್ ಇದನ್ನೆಲ್ಲ ನಗುತ್ತ, ನಡುನಡುವೆ ಕಣ್ಣೊರೆಸಿಕೊಳ್ಳುತ್ತ ಹೇಳಿದ್ದರು. ಮಡಿಲಲ್ಲಿ ಮೂರು ತಿಂಗಳ ಮಗಳು. ಅಪ್ಪನ ಬಗ್ಗೆ ಆ ಮಗುವಿಗೆ ಸಿಗುವುದು ನಾನು ಬರೆಯುವ ಪುಟ ಮಾತ್ರ. ಅದನ್ನು ಕಡತ ಮಾಡದೆ ನೇರವಾಗಿ ಎತ್ತಿದೆ. ಅಷ್ಟರಲ್ಲಿ ಪಕ್ಕದ ಮೇಜಿನ ಹಿರಿಯರು, ಕಲ್ಲಯ್ಯನವರು, ತಮ್ಮದೇನನ್ನೋ ಎತ್ತಿದ್ದರು. ನಾನು ಇಳಿಸಿದೆ. ಪರದೆ ಏನೂ ಹೇಳಲಿಲ್ಲ. ಕೆಲಸ ಸರಿಯಾದಾಗ ಅದು ಸುಮ್ಮನಿರುತ್ತದೆ, ತಪ್ಪು ಬರಹ ಬಿದ್ದಾಗಲೂ ಹಾಗೆಯೇ ಸುಮ್ಮನಿರುತ್ತದೆ. ಬಾಳೋಲೆಯಲ್ಲಿ ಸತ್ತವರ ಹೆಸರನ್ನು ಪರದೆಯೇ ತುಂಬಿಕೊಳ್ಳುತ್ತದೆ. ತೆರೆದು ನೋಡದೆ ಕಳಿಸಿದೆ.

ಓಣಿಯಲ್ಲಿ ಓದಿದಾಗ ‘ಮಕ್ತುಮಸಾಬರು ಮಿತಭಾಷಿಗಳು’ ಎಂಬಲ್ಲಿ ಜನ ನಕ್ಕರು. ಸತ್ತ ಮ್ಯಾಲಾದ್ರೂ ಸುಮ್ಮನಾದ್ನಲ್ಲ ಎಂದು ನೆರೆಯ ಮುದುಕರೊಬ್ಬರು ಚೇಷ್ಟೆ ಮಾಡಿದರು. ಬೀಬಿಜಾನ್ ಕೂಡ ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನತ್ತ ನೋಡಿದರು.

“ಇದು ಯಾರ ಸುದ್ದಿ ಅವ್ವಾ? ನಮ್ಮವರು ಉಣ್ಣಾಗೂ ಬಾಯಿ ಮುಚ್ಚಿದವರಲ್ಲ. ನಾಳೆ ಈಕಿಗೆ ನಾ ಇದನ್ನ ಓದಿ ಹೇಳಬೇಕೇನ?”

ನಾನು ತಲೆ ತಗ್ಗಿಸಿ ಬಂದುಬಿಟ್ಟೆ. ಐದು ದಿನ ಬಾಯಿ ಬಿಡಲಿಲ್ಲ. ನನ್ನ ಬಗ್ಗೆ ಹೇಸಿಗೆ ಶುರುವಾದದ್ದು ಅಲ್ಲಿಂದ.

ಇಂದು ಫಲಕ ನೋಡಿದ ಮೇಲೆ ಕಲ್ಲಯ್ಯನವರ ಮೇಜಿನ ಮುಂದೆ ಹೋಗಿ ನಿಂತೆ. ಅವರು ಅವಲಕ್ಕಿ ತಿನ್ನುತ್ತಿದ್ದರು. ಉಳಿದ ಹನ್ನೊಂದು ಮನೆಗಳು ಅವರ ಪಾಲಿನವು, ಒಂದಕ್ಕೂ ಅವರು ಹೋಗಿಲ್ಲ. ಆ ಪುಟ ಬರೆದು ಹದಿನಾಲ್ಕು ವರ್ಷವಾಯಿತೆಂದು ಅವರೇ ಹೇಳಿದರು, ತುಸು ಹೆಮ್ಮೆಯಿಂದ. ಹದಿನಾಲ್ಕು ವರ್ಷ ಒಂದೇ ಬಟ್ಟೆಯನ್ನು ಒಗೆಯದೆ ಹೆಣದಿಂದ ಹೆಣಕ್ಕೆ ಹೊದಿಸಿದ್ದಾರೆ. ಅವರಿಗೆ ನಾಚಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

“ತಂಗಿ, ಒಳ್ಳೇ ಮಾತು ಹನ್ನೆರಡು ಸಲ ಇಳಿಸಿದ್ರ ಕೆಟ್ಟದಾಗ್ತದೇನು?” ಎಂದು ಬೆರಳು ಒರೆಸಿಕೊಂಡರು. “ಬೀಬಿಜಾನ್ ಕೇಳ್ಯಾಳ, ಅಕೀದೊಂದು ತಿದ್ದು. ಉಳಿದವರು ಕೇಳಿಲ್ಲ.”

ಉಳಿದವರೂ ಓದಿಸಿಕೊಂಡಿದ್ದಾರೆ, ಕೈಮುಗಿದಿದ್ದಾರೆ. ನನಗೆ ಎಲ್ಲಕ್ಕಿಂತ ಅಸಹ್ಯವಾದದ್ದು ಅದು. ಸರ್ಕಾರದ ಹಾಳೆಯಲ್ಲಿ ಬಂದದ್ದರಿಂದ, ತಮ್ಮವರು ಮಿತಭಾಷಿಯೇ ಇದ್ದಿರಬೇಕು ಎಂದು ಹನ್ನೊಂದು ಮನೆಯವರು ನಂಬಲು ಪ್ರಯತ್ನಿಸುತ್ತಿದ್ದಾರೆ.

ಮಧ್ಯಾಹ್ನ ಬೀಬಿಜಾನ್ ಮನೆಗೆ ಹೋಗಿ, ಅವರು ಹೇಳಿದ್ದೆಲ್ಲ ಕಳೆದದ್ದು ನನ್ನಿಂದ ಎಂದೆ. ಅವರು ಚಾಪೆ ಹಾಸಿ ಮೊದಲಿಂದ ಹೇಳಿದರು. ಎರಡನೆಯ ಸಲ ಹೇಳುವಾಗ ಅವರು ನಗಲಿಲ್ಲ. ಆ ನಗು ಇನ್ನು ಯಾವ ಪುಟದಲ್ಲೂ ಇರುವುದಿಲ್ಲ.

ನಿಮ್ಮ ಕೈಗೆ ಬಂದ ಅನುಕೂಲವನ್ನು ಬಿಡಿ ಎಂದು ನಾನು ಹೇಳಲಾರೆ. ಇಳಿಸಿದ ಮೇಲೆ ಒಮ್ಮೆ ತೆರೆದು ಓದಿ, ಅಷ್ಟೇ ಕೋರಿಕೆ. ಮನುಷ್ಯರ ಬಗ್ಗೆ ಬರೆದದ್ದಾದರೆ ಎರಡು ಸಲ ಓದಿ.

ಮೊಹರು ನಾಳೆ. ತಿದ್ದುಪಡಿ ಕೋರುವ ಅರ್ಜಿಯಲ್ಲಿ ತಪ್ಪು ಹೇಗಾಯಿತೆಂದು ಬರೆದು ಸಹಿ ಹಾಕಬೇಕು. ಒಂದು ಹೆಸರಿದ್ದರೆ ಕೈತಪ್ಪು ಎಂದು ಬಿಡುತ್ತಾರೆ. ಹನ್ನೆರಡಿದ್ದರೆ ಮೊಹರು ನಿಲ್ಲುತ್ತದೆ, ವಿಚಾರಣೆ ಆಗುತ್ತದೆ, ಇನ್ನೂ ಕಾಯಂ ಆಗದ ನಾನು ಮೊದಲು ಹೊರಗೆ ಹೋಗುತ್ತೇನೆ. ಅರ್ಜಿಯಲ್ಲಿ ಹೆಸರಿಗೆಂದು ಒಂದೇ ಸಾಲು ಬಿಟ್ಟಿದ್ದಾರೆ. ಅದರ ಕೆಳಗೆ ಸ್ಕೇಲು ಹಿಡಿದು ಇನ್ನೂ ಹನ್ನೊಂದು ಗೆರೆ ಎಳೆದಿದ್ದೇನೆ.

ಇತಿ,
ದಾಕ್ಷಾಯಣಿ